ಬಿದ್ದ ಷೇರು, ಬೆಳೆದ ಷೇರು

ಪ್ರಶ್ನೆ: ನನ್ನ ಒಂದು ಷೇರು ಕೊಂಡ ಬೆಲೆಗಿಂತ ಶೇ. 40 ಕುಸಿದಿದೆ. ಇನ್ನಷ್ಟು ಕೊಂಡು ಸರಾಸರಿ ಇಳಿಸಲೇ? ಇನ್ನೊಂದು ಮೂರು ಪಟ್ಟಾಗಿ, ಒಟ್ಟು ಹೂಡಿಕೆಯ ಮೂರನೇ ಒಂದು ಭಾಗವೇ ಅದಾಗಿದೆ. ಮಾರಲೇ?

ಉತ್ತರ: ಕೊಂಡ ಬೆಲೆಯನ್ನು ಮೊದಲು ಮರೆಯಿರಿ, ಅದು ನೆನಪಿರುವುದು ನಿಮಗೆ, ಮಾರುಕಟ್ಟೆಗಲ್ಲ. 100ಕ್ಕೆ ಕೊಂಡದ್ದು 60ಕ್ಕೆ ಇಳಿದಾಗ ಅಷ್ಟೇ ಷೇರು ಮತ್ತೆ ಕೊಂಡರೆ ಸರಾಸರಿ 80 ಆಗುತ್ತದೆ, ನಿಜ. ಆದರೆ ಅದೇ ಕಂಪನಿಯಲ್ಲಿ ಸಿಲುಕುವ ಹಣವೂ ಹೆಚ್ಚುತ್ತದೆ. ಕೊಳ್ಳುವ ಮುನ್ನ ಕಳೆದ ಐದು ವರ್ಷಗಳ ನಗದು ಹರಿವಿನ ಪಟ್ಟಿ (ಕಂಪನಿಗೆ ನಿಜವಾಗಿ ಬಂದ, ಹೋದ ಹಣದ ಲೆಕ್ಕ) ತೆರೆದು ನೋಡಿ. ಲಾಭ ಏರುತ್ತಿದ್ದರೂ ವ್ಯವಹಾರದಿಂದ ನಗದು ಬರುತ್ತಿಲ್ಲ, ಗ್ರಾಹಕರಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದೆ, ಜೊತೆಗೆ ಸಾಲವೂ ಏರಿದೆ ಎಂದಾದರೆ ನಷ್ಟಕ್ಕೇ ಮಾರಿಬಿಡಿ. ಇವೆಲ್ಲ ಸರಿಯಿದ್ದು, ಇಡೀ ಮಾರುಕಟ್ಟೆಯ ಜೊತೆ ಬಿದ್ದಿದ್ದರೆ ಇಟ್ಟುಕೊಳ್ಳಿ. ಪಿಇ (ಷೇರಿನ ಬೆಲೆ ಪ್ರತಿ ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ಕಡಿಮೆ ಎಂಬ ಒಂದೇ ಕಾರಣಕ್ಕೆ ಮಾತ್ರ ಕೊಳ್ಳಬೇಡಿ: ಉಕ್ಕಿನಂಥ ಏರಿಳಿತದ ಉದ್ಯಮಗಳಲ್ಲಿ ಲಾಭ ತುತ್ತತುದಿಯಲ್ಲಿದ್ದಾಗಲೇ ಷೇರು ಅಗ್ಗವಾಗಿ ಕಾಣುವುದುಂಟು.

ಏರಿದ ಷೇರಿನ ಸಮಸ್ಯೆ ಬೆಲೆಯಲ್ಲ, ತೂಕ. ಅದೊಂದು ಅರ್ಧಕ್ಕಿಳಿದರೆ ಒಟ್ಟು ಹೂಡಿಕೆ ಸುಮಾರು ಶೇ. 17 ಕರಗುತ್ತದೆ. ಕಂಪನಿ ಚೆನ್ನಾಗಿದ್ದರೆ ಪೂರ್ತಿ ಮಾರಬೇಕಿಲ್ಲ. ತೆರಿಗೆಯ ಲೆಕ್ಕ ಹಾಕಿಕೊಂಡು, ಎರಡು-ಮೂರು ಕಂತಿನಲ್ಲಿ ಮಾರಿ, ಅದರ ಪಾಲನ್ನು ಒಟ್ಟು ಹೂಡಿಕೆಯ ಶೇ. 15ರ ಆಸುಪಾಸಿಗೆ ಇಳಿಸಿ.