ತೂಕ ಬಂತಲ್ಲ, ಇನ್ನೇನು ಅಂದ್ಕೊಂಡಿದ್ವಿ ಮೇಡಂ

ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಮಗೂನ ಪುಟ್ಟಿ ಅನ್ನೋಣ. ಆರು ವರ್ಷ, ಒಂದನೇ ಕ್ಲಾಸು. ಅಮ್ಮ ಕರ್ಕೊಂಡು ಬಂದಿದ್ದು ಕಣ್ಣಿಗಲ್ಲ, "ಬೋರ್ಡ್ ನೋಡಿ ಬರ್ಕೊಳಲ್ಲ, ಸೋಮಾರಿ ಅಂತ ಮಿಸ್ಸು ದಿನಾ ಕಂಪ್ಲೇಂಟು" ಅಂತ.

ಹುಟ್ಟಿದ್ದು ಹೆಂಗೆ ಅಂತ ಕೇಳಿದಾಗ ಕಥೆ ಹೊರಗೆ ಬಂತು. ಅಮ್ಮಂಗೆ ಬಿಪಿ ಏರಿ 31 ವಾರಕ್ಕೇ ಸಿಸೇರಿಯನ್, ಮಗು 1,350 ಗ್ರಾಂ, ಎನ್‌ಐಸಿಯು (ಹಸುಗೂಸುಗಳ ಐಸಿಯು), ಆಕ್ಸಿಜನ್, ಆಮೇಲೆ ಕಣ್ಣಿಗೆ ಲೇಸರ್. ತಿಂಗಳು ತುಂಬದ ಮಕ್ಕಳಿಗೆ ಕಣ್ಣಿನ ಹಿಂದಿನ ಪರದೆಯ (ರೆಟಿನಾ) ರಕ್ತನಾಳ ಪೂರ್ತಿ ಬೆಳೆದಿರಲ್ಲ, ಹುಟ್ಟಿದ ಮೇಲೆ ಅಡ್ಡಾದಿಡ್ಡಿ ಬೆಳೆಯೋಕೆ ಶುರುವಾಗುತ್ತೆ, ಅದೇ ಆರ್‌ಓಪಿ. ಅದಕ್ಕೇ 2,000 ಗ್ರಾಂಗಿಂತ ಕಮ್ಮಿ ಇದ್ರೆ ಅಥವಾ 34 ವಾರದೊಳಗೆ ಹುಟ್ಟಿದ್ರೆ 30 ದಿನದೊಳಗೆ ಕಣ್ಣು ತೋರಿಸಿ ಅನ್ನೋದು. ಇವರು ತೋರಿಸಿದಾರೆ, ಕಣ್ಣು ಉಳೀತು, ತೂಕಾನೂ ಬಂತು, ಫಾಲೋಅಪ್ ಬಿಟ್ಟೇಬಿಟ್ರು.

ಬಣ್ಣ ಹಚ್ತಾ ಕೂತಿದ್ಲು, ಆಟದ ಥರ ಅವಳ ಬಲಗಣ್ಣು ಮುಚ್ಚಿದೆ, ಸುಮ್ನೆ ಹಚ್ತಾನೇ ಇದ್ಲು. ಎಡಗಣ್ಣು ಮುಚ್ಚಿದ ತಕ್ಷಣ ಕ್ರಯಾನ್ ಬಿಸಾಕಿ ನನ್ನ ಕೈ ಕಿತ್ತಾಕಿದ್ಲು. ಅಜ್ಜಿ ನೋಡಿ, "ಸ್ವಲ್ಪ ಮೆಳ್ಳೆಗಣ್ಣು ಅಷ್ಟೇ, ಅದೃಷ್ಟ" ಅಂದ್ರು. ಅಮ್ಮ ಅಳೋಕೆ ಶುರು, ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ರಂತೆ, ಆರು ವರ್ಷದಿಂದ ಅದನ್ನೇ ಹೊತ್ಕೊಂಡಿದಾರೆ ಪಾಪ! ಹೆರಿಗೆ ಫೈಲಲ್ಲಿ ಬಿಪಿ ಬರೆದಿದ್ದ ಪುಟ ತೆಗೆದು, ಕಾರಣ ಗ್ರಹಣ ಅಲ್ಲ ಅಂತ ಅಜ್ಜಿಗೂ ಕೇಳೋ ಹಾಗೆ ಓದಿದೆ.

ಆ ಹಳೇ ಫೈಲ್ ಸಮೇತ ಮಕ್ಕಳ ಕಣ್ಣಿನ ಡಾಕ್ಟರ್ ಹತ್ರ ಕಳಿಸಿದೆ, ಡ್ರಾಪ್ಸ್ ಹಾಕಿ ಪರದೆ ನೋಡಿಸಿ, ಕನ್ನಡಕದ ಅಂಗಡಿ ಟೆಸ್ಟ್ ಸಾಲಲ್ಲ ಅಂತ ಒತ್ತಿ ಹೇಳಿದೆ. ಬಲಗಣ್ಣು ಮೈನಸ್ ಆರು, ಬಳಸದೇ ಬಳಸದೇ ಸೋಮಾರಿಯಾಗಿತ್ತು, ಸೋಮಾರಿ ಮಗು ಅಲ್ಲ ಕಣ್ರೀ! ಕನ್ನಡಕ, ಜೊತೆಗೆ ದಿನಾ ಎರಡು ಗಂಟೆ ಎಡಗಣ್ಣಿಗೆ ಪ್ಯಾಚ್ ಬರ್ಕೊಟ್ರು. "ಚೆನ್ನಾಗಿರೋ ಕಣ್ಣು ಯಾಕೆ ಮುಚ್ಚೋದು" ಅಂತ ಅಪ್ಪ ಫೋನ್ ಮಾಡಿದ್ರು. ಅದು ರಜ ತಗೊಂಡ್ರೇನೇ ಇನ್ನೊಂದು ಕೆಲಸ ಕಲಿಯೋದು, ಏಳೆಂಟು ವರ್ಷ ದಾಟಿದ್ರೆ ಕಲಿಸೋದು ಕಷ್ಟ ಅಂದೆ. ಹುಡುಗಿಗೆ ಕನ್ನಡಕ, ಮುಂದೆ ಮದುವೆ ಅಂತ ಅಜ್ಜಿ ರಾಗ, ಅದಕ್ಕೆ ನಾನು ಉತ್ತರಾನೇ ಕೊಡ್ಲಿಲ್ಲ. ಸ್ಕೂಲಿಗೆ ಚೀಟಿ ಕೊಟ್ಟು ಮುಂದಿನ ಬೆಂಚು ಕೇಳೋಕೆ ಹೇಳಿದೆ. ಆರ್‌ಓಪಿ ಆಗಿದ್ದ ಕಣ್ಣಿಗೆ ಪರದೆ ಕಳಚೋ ರಿಸ್ಕ್ ದೊಡ್ಡವಳಾದ್ರೂ ಇರುತ್ತೆ, ವರ್ಷಕ್ಕೊಂದು ಚೆಕಪ್ ತಪ್ಪಿಸಬೇಡಿ, ಮಿಂಚು ಹೊಡೆದಂಗೆ, ಕರ್ಟನ್ ಬಿದ್ದಂಗೆ ಕಾಣುತ್ತೆ ಅಂದ್ರೆ ಅವತ್ತೇ ಓಡಿ ಅಂತಾನೂ ಹೇಳಿದೀನಿ.

ಪ್ಯಾಚಿಗೆ ಈಗ್ಲೂ ದಿನಾ ಜಗಳ ಇದೆ, ಗೊಂಬೆಗೂ ಒಂದು ಅಂಟಿಸಿದ ಮೇಲೆ ಸ್ವಲ್ಪ ವಾಸಿಯಂತೆ. ಫೈಲು ಮಾತ್ರ ಈಗ ಬೀರು ಮೇಲಿಲ್ಲ, ಸ್ಕೂಲ್ ಬ್ಯಾಗ್ ಪಕ್ಕ ನೇತಾಕಿದಾರಂತೆ.