ನೂಲುವ ಮನೆಗೆ ಮಾತು ಸೇರಿಸಬೇಕೆ?

ಮಾನ್ಯರೇ,

ಹಂಗೇರಿಯ ಸಂಗೀತಕಾರ ಜೋಲ್ತಾನ್ ಕೊದಾಯ್ ಅವರ ‘ಸೇಕೆಯ್‌ಫೊನೋ’, ಎಂದರೆ ಟ್ರಾನ್ಸಿಲ್ವೇನಿಯಾದಲ್ಲಿ ನೆಲೆಸಿದ, ಹಂಗೇರಿಯನ್ ಮಾತನಾಡುವ ಸೇಕೆಯ್ ಜನರ ನೂಲುವ ಮನೆ, ಎಂಬ ಒಪೆರಾದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಪಾತ್ರಗಳಿಗೆ ಹೆಸರಿಲ್ಲದ, ಬರೀ ಜನಪದ ಗೀತೆಗಳನ್ನು ಪೋಣಿಸಿದ ಕೃತಿ ಒಪೆರಾ ಹೇಗಾದೀತು ಎಂಬುದು ಒಂದು; ಹೊಸದಾಗಿ ರಂಗಕ್ಕೆ ತರುವವರು ನಡುನಡುವೆ ಸಂಭಾಷಣೆ ಬರೆದು ಕಥೆಯನ್ನು ಬಿಗಿಗೊಳಿಸಬಾರದೇಕೆ ಎಂಬುದು ಇನ್ನೊಂದು.

ಮಾತನ್ನು ಹಾಡಿನ ಜೊತೆಗೆ ಹೊಂದಿಸುವುದು ಕೊದಾಯ್ ಅವರಿಗೆ ತಿಳಿಯದ ವಿದ್ಯೆಯಾಗಿರಲಿಲ್ಲ. ನೆಪೋಲಿಯನ್ನನನ್ನು ಒಬ್ಬನೇ ಸೋಲಿಸಿದೆನೆಂದು ಬೊಗಳೆ ಬಿಡುವ ಮುದಿ ಸೈನಿಕನ ಕಥೆಯಾದ ‘ಹಾರಿ ಯಾನೋಷ್’ (1926) ಸಂಭಾಷಣೆಯ ಮೇಲೆಯೇ ನಿಂತಿದೆ. 1924ರಲ್ಲಿ ಚಿಕ್ಕದಾಗಿ ಆರಂಭವಾಗಿ, ಬೆಳೆದ ರೂಪದಲ್ಲಿ 1932ರ ಏಪ್ರಿಲ್ 24ರಂದು ಬುಡಾಪೆಸ್ಟಿನ ಒಪೆರಾ ಮಂದಿರದಲ್ಲಿ ಪ್ರದರ್ಶನಗೊಂಡ ‘ಸೇಕೆಯ್‌ಫೊನೋ’ದಲ್ಲಿ ಅವರು ಮಾತನ್ನು ಬಿಟ್ಟದ್ದು ತಿಳಿದೇ. ಅಲ್ಲಿರುವುದು ಹಾಡು, ಕುಣಿತ, ಮೂಕಾಭಿನಯ, ಅಷ್ಟೇ.

ಕಥೆ ತೆಳುವಾಗಿದೆಯೆಂಬ ನಿಮ್ಮ ಮಾತು ನಿಜ. ಮನೆಯೊಡತಿಯನ್ನು ಮೆಚ್ಚಿದವನು ಪೊಲೀಸರಿಗೆ ಹೆದರಿ ಊರು ಬಿಡುತ್ತಾನೆ. ಆಕೆಯ ದುಃಖ ಮರೆಸಲು ನೂಲುವ ನೆಪದಲ್ಲಿ ಊರಿನ ಹುಡುಗಿಯರು ಬರುತ್ತಾರೆ, ಹಿಂದೆಯೇ ಹುಡುಗರೂ ನುಗ್ಗುತ್ತಾರೆ. ಕೊನೆಗೆ ನಿಜವಾದ ತಪ್ಪಿತಸ್ಥ ದೊಡ್ಡ ಮೂಗಿನ ಚಿಗಟದ ವೇಷದವನೆಂದು ಬಯಲಾಗುತ್ತದೆ. ಈ ಬಯಲಾಗುವಿಕೆ ತೀರಾ ಅವಸರದ್ದೆಂದು ನನಗೂ ಅನಿಸಿದೆ. ಆದರೆ ಆ ಸಂಜೆಯ ತಿರುಳಿರುವುದು ಕಾಯುವುದರಲ್ಲಿ. ಹುಡುಗಿಯರು ನಗಿಸಲು ಹೋದಷ್ಟೂ ಒಡತಿಯ ಒಂಟಿತನ ಎದ್ದು ಕಾಣುತ್ತದೆ. ಅದನ್ನು ವಿವರಿಸುವ ಒಂದು ವಾಕ್ಯ ಸೇರಿಸಿದರೂ ಅದು ಕೆಡುತ್ತದೆ.

ನಿರ್ದೇಶಕರು ಕಥೆಯನ್ನು ಹುಡುಕಬೇಕಾದದ್ದು ನಡುವೆ ಬರುವ ಇಲೋನಾ ಗೊರೊಗ್‌ಳ ಲಾವಣಿಯಲ್ಲಿ. ಅವಳಿಗಾಗಿ ಸಾಯುತ್ತೇನೆಂದು ಕೊರಗುವ ಮಗನಿಗೆ ತಾಯಿ, ಅವಳನ್ನು ಸೆಳೆಯಲು ಬೆರಗಿನ ಗಿರಣಿ ಕಟ್ಟಿಸು, ಬೆರಗಿನ ಗೋಪುರ ಕಟ್ಟಿಸು ಎನ್ನುತ್ತಾಳೆ. ಎರಡೂ ಫಲಿಸದಿರಲು ಅವನು ಸತ್ತಂತೆ ಮಲಗುತ್ತಾನೆ, ಅವಳು ನೋಡಲು ಬಂದಾಗ ಎದ್ದು ಕೂರುತ್ತಾನೆ. ಇದನ್ನು ಯುವಕರು ಆಟವಾಗಿ ಆಡಿ ತೋರಿಸುವಾಗ, ಹೋದವನು ಬರುವನೋ ಇಲ್ಲವೋ ಎಂದು ತಿಳಿಯದ ಹೆಂಗಸೊಬ್ಬಳು ಮೂಲೆಯಲ್ಲಿ ಕುಳಿತು ನೋಡುತ್ತಿರುತ್ತಾಳೆ. ಬೆಳಕು ಆ ಮೂಲೆಯ ಮೇಲಿದ್ದರೆ ಬೇರೆ ಸಂಭಾಷಣೆ ಯಾರಿಗೆ ಬೇಕು?

ವೇಷಭೂಷಣದ ವಿಷಯ ನನಗೆ ಅಷ್ಟು ದೊಡ್ಡದಲ್ಲ. ಕಸೂತಿಯ ರವಿಕೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಗಾಯನದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಕೊದಾಯ್ 1905ರಿಂದ ಹಳ್ಳಿಹಳ್ಳಿ ಸುತ್ತಿ ಹಾಡು ಸಂಗ್ರಹಿಸಿದವರು. ಅವರು ಮತ್ತು ಅವರ ಜೊತೆಗಾರ ಸಂಗೀತಕಾರ ಬೇಲಾ ಬಾರ್ತೋಕ್ ಆ ಹಾಡುಗಳಲ್ಲಿ ಕಂಡ ಎರಡು ಬಗೆಗಳು ಇಲ್ಲಿ ಎದುರುಬದುರಾಗಿವೆ: ಮಾತಿನ ಉಸಿರಿನಂತೆ ಹಿಗ್ಗುವ ಕುಗ್ಗುವ ನಿಧಾನದ ಹಾಡು, ಹೆಜ್ಜೆಗೆ ಬಿಗಿಯಾದ ಕುಣಿತದ ಹಾಡು. ಹಂಗೇರಿಯನ್ನಿನಲ್ಲಿ ಒತ್ತು ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ. ದೊಡ್ಡ ಕಂಠದ ಗಾಯಕರು ಇದನ್ನು ಮರೆತು ಸ್ವರವನ್ನು ಎಳೆದರೆ ಒಡತಿಯ ಅಳಲು ಬರೀ ಆಲಾಪವಾಗುತ್ತದೆ. ಮೇಳದವರ ಕೈಗಳೂ ಸುಮ್ಮನಿರಬಾರದು. ನಮ್ಮ ಬೀಸುವ ಪದಗಳನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೂಲು ಎಳೆಯುವ ಕೈ ನಿಂತ ಕ್ಷಣವೇ ಪ್ರೇಕ್ಷಕನಿಗೆ ಏನೋ ನಡೆಯಿತೆಂದು ತಿಳಿಯಬೇಕು. ಪೊಲೀಸರು ಬಾಗಿಲಿಗೆ ಬಂದಾಗ ಆಗಬೇಕಾದದ್ದು ಅಷ್ಟೇ.

– ಸಂಪಾದಕ