ನಾಕ್ಸೋಸ್‌ನಿಂದ ಹೊರಡುವಾಗ ಲೆಕ್ಕ ಚುಕ್ತಾ ಮಾಡಬೇಡಿ

ನೀವು ಕೇಳಿರುವುದು ಇಷ್ಟು: ಗ್ರೀಸ್‌ನ ನಾಕ್ಸೋಸ್ ದ್ವೀಪದಲ್ಲಿ ಆರು ವಾರ ಇದ್ದು ಮುಂದಿನ ಬುಧವಾರ ಹೊರಡುತ್ತಿದ್ದೀರಿ. ಮನೆ ಓನರ್‌ಗೂ ಅಲ್ಲಿ ಹತ್ತಿರವಾದ ನಾಲ್ಕೈದು ಜನಕ್ಕೂ ಹೇಗೆ ಹೇಳಿ ಹೊರಡಬೇಕು, ದುಡ್ಡು ಕೊಡಬೇಕೋ ಉಡುಗೊರೆಯೋ, ಬಂದರಿನಲ್ಲಿ ಅಳು ಬಂದರೆ ಏನು ಗತಿ? ಅಳು ಬಂದರೆ ಅತ್ತುಬಿಡಿ, ಅಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಉಳಿದ ಎರಡರಲ್ಲೂ ನಾನು ಚೆನ್ನಾಗಿಯೇ ಎಡವಿದ್ದೇನೆ. ಅದನ್ನೇ ಹೇಳುತ್ತೇನೆ.

ನಾನಿದ್ದದ್ದು ದ್ವೀಪದ ಮುಖ್ಯ ಊರು ಹೋರಾದಲ್ಲಿ, ವೆನಿಸ್‌ನವರು ಕಟ್ಟಿದ ಕಾಸ್ತ್ರೋ ಕೋಟೆಯ ಕೆಳಗಿನ ಸಂದಿಗಳಲ್ಲಿ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ. ಮೇಲಿನ ಮಹಡಿಯಲ್ಲಿ ಓನರ್ ಅಜ್ಜಿ. ಎಲ್ಲರೂ 'ಕಿರಿಯಾ' ಅನ್ನುತ್ತಿದ್ದರು, ಅಂದರೆ ನಮ್ಮ 'ಅಮ್ಮಾವ್ರು' ಇದ್ದ ಹಾಗೆ. ಹೋದ ಮೂರನೇ ದಿನವೇ ಒಂದು ತಟ್ಟೆ ತುಂಬ ಆಲೂಗಡ್ಡೆ ಕರಿದು, ಮೇಲೆ ಗ್ರವಿಯೆರಾ ಚೀಸ್ ತುರಿದು ತಂದುಕೊಟ್ಟರು. ನಾಕ್ಸೋಸ್‌ನ ಆಲೂಗಡ್ಡೆಗೂ ಗ್ರವಿಯೆರಾಗೂ ಇಡೀ ಗ್ರೀಸ್‌ನಲ್ಲಿ ಹೆಸರಿದೆ. ತಿಂದು ಮುಗಿಸಿದೆ, ತಟ್ಟೆ ತೊಳೆದೆ. ಆಮೇಲೆ ಕೈ ಓಡಲಿಲ್ಲ. ಬೇರೆ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎಂದು ಬೆಳೆಸಿದ್ದಾರಲ್ಲ ನಮ್ಮನ್ನು. ಅಂಗಡಿಯಲ್ಲಿ ರವೆ ಸಿಕ್ಕಿತು, ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಕೇಸರಿಬಾತ್ ಕೆದಕಿದೆ.

ಅಜ್ಜಿ ಒಂದು ಚಮಚ ಬಾಯಿಗಿಟ್ಟು 'ಹಲ್ವಾಸ್!' ಅಂದರು. ಅವರಲ್ಲೂ ಅದೇ ತಿಂಡಿ ಇದೆ, ಹಾಲು-ಬೆಣ್ಣೆಯನ್ನೂ ಬಿಡುವ ಉಪವಾಸದ ದಿನಗಳಲ್ಲಿ ಮಾಡುತ್ತಾರೆ, ಹಾಗಾಗಿ ತುಪ್ಪ ಇಲ್ಲ, ಆಲಿವ್ ಎಣ್ಣೆ. ಬೆರಳು ಮಡಚಿ ಲೆಕ್ಕ ಹೇಳಿಕೊಟ್ಟರು: ಎಣ್ಣೆ 1, ರವೆ 2, ಸಕ್ಕರೆ 3, ನೀರು 4. ಗ್ರೀಸ್‌ನಲ್ಲಿ ಈ ಒಂದು-ಎರಡು-ಮೂರು-ನಾಲ್ಕು ಬಹಳ ಮನೆಗಳಲ್ಲಿ ಬಾಯಿಪಾಠ. ಮೂರು ಪಾಲು ಸಕ್ಕರೆ ಹಾಕಿದರೆ ನಮ್ಮ ಮೈಸೂರಿನವರೂ ಬೆಚ್ಚುತ್ತಾರೆ, ಅದು ಬೇರೆ ಮಾತು. ಅಲ್ಲಿಂದ ಆ ತಟ್ಟೆ ಮೇಲೆ ಕೆಳಗೆ ಓಡಾಡುತ್ತಲೇ ಇತ್ತು. ಒಂದು ದಿನವೂ ಖಾಲಿ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೊರಡುವ ಹಿಂದಿನ ರಾತ್ರಿ, ಇಷ್ಟು ದಿನ ಉಂಡದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ಒಂದು ಕವರ್‌ನಲ್ಲಿ 100 ಯೂರೋ ಇಟ್ಟು, 'ಎಲ್ಲದಕ್ಕೂ ಥ್ಯಾಂಕ್ಸ್' ಎಂದು ಬರೆದು, ತಟ್ಟೆಯ ಮೇಲಿಟ್ಟು ಅವರ ಬಾಗಿಲಲ್ಲಿ ಬಿಟ್ಟು ಬಂದೆ. ಬೆಳಗ್ಗೆ ಅಜ್ಜಿ ಕೆಳಗಿಳಿದು ಬಂದು ಕವರನ್ನು ನನ್ನ ಮೇಜಿನ ಮೇಲಿಟ್ಟು, ಒಂದೂ ಮಾತಾಡದೆ ಮೆಟ್ಟಿಲು ಹತ್ತಿ ಹೋದರು. ತಟ್ಟೆ ಮಾತ್ರ ತರಲಿಲ್ಲ.

ಕೆಳಗಿನ ಬೀದಿಯ ಕಾಫಿ ಅಂಗಡಿಯವನು ನನಗೆ ಅಷ್ಟು ಹೊತ್ತಿಗೆ ಒಳ್ಳೆಯ ಗೆಳೆಯನಾಗಿದ್ದ, ಇಂಗ್ಲಿಷ್ ಬರುತ್ತಿತ್ತು. ಅವನಿಗೆ ಹೇಳಿದರೆ ಹಣೆ ಚಚ್ಚಿಕೊಂಡ. 'ಬಾಡಿಗೆ ಕೊಟ್ಟೆಯಲ್ಲ, ಅದು ಬಾಡಿಗೆ. ತಟ್ಟೆಗೆ ಯಾಕೆ ಬೆಲೆ ಕಟ್ಟಿದೆ?' ಅಲ್ಲಿ 'ಕೇರಸ್ಮಾ' ಎಂಬ ಒಂದು ಮಾತಿದೆ. ಯಾರೋ ನಿಮ್ಮ ಕಾಫಿಯ ದುಡ್ಡು ಕೊಟ್ಟುಬಿಡುತ್ತಾರೆ, ಊಟ ಮುಗಿದ ಮೇಲೆ ಹೋಟೆಲಿನವರು ಕೇಳದೆಯೇ ಒಂದು ಸಿಹಿ ತಂದಿಡುತ್ತಾರೆ. ಅದನ್ನು ಅಲ್ಲೇ, ಆಗಲೇ ತೀರಿಸಲು ಹೋಗಬಾರದು. ಇನ್ನೊಂದು ದಿನ ನಿಮ್ಮ ಸರದಿ ಬರುತ್ತದೆ, ಬರಲಿ ಎಂದೇ ಕೊಟ್ಟಿರುತ್ತಾರೆ. ನನಗೆ ಅದು ಹೊಳೆಯಬೇಕಿತ್ತು. 'ಋಣ ತೀರಿತು' ಎಂಬ ಮಾತನ್ನು ನಮ್ಮಲ್ಲೇ ಯಾವಾಗ ಆಡುತ್ತಾರೆ ನೋಡಿ. ನಾನು ಅಜ್ಜಿಗೆ ಕವರಿನಲ್ಲಿಟ್ಟು ಕೊಟ್ಟದ್ದು ಅದನ್ನೇ.

ಸರಿ ಮಾಡಲು ಸಮಯ ಇರಲಿಲ್ಲ, ಹಡಗಿನ ಹೊತ್ತಾಗಿತ್ತು. ಎಲ್ಲರನ್ನೂ ಅಪ್ಪಿಕೊಂಡು, ಕಣ್ಣೊರೆಸಿಕೊಂಡು, ಸೂಟ್‌ಕೇಸ್ ಎಳೆದುಕೊಂಡು ಬಂದರಿಗೆ ಹೋದರೆ ಹಡಗೇ ಇಲ್ಲ. ಗಾಳಿ. ಬೇಸಿಗೆಯ ಉತ್ತರದ ಗಾಳಿಗೆ ಅಲ್ಲಿ ಮೆಲ್ತೆಮಿ ಎನ್ನುತ್ತಾರೆ, ಜುಲೈ-ಆಗಸ್ಟ್‌ನಲ್ಲಿ ಜೋರು; ಆ ವರ್ಷ ಸೆಪ್ಟೆಂಬರ್ ಕೊನೆಗೂ ಉತ್ತರದಿಂದಲೇ ಬೀಸಿತು. ಗಾಳಿಯ ಬಲ ಬೋಫೋರ್ಟ್ ಅಳತೆಯಲ್ಲಿ 8-9ಕ್ಕೆ ಏರಿದರೆ ಬಂದರಿನ ಅಧಿಕಾರಿಗಳು ಹಡಗು ಬಿಡುವುದನ್ನೇ ನಿಷೇಧಿಸುತ್ತಾರೆ, ವೇಗವಾಗಿ ಓಡುವ ಸಣ್ಣ ದೋಣಿಗಳನ್ನು ಅದಕ್ಕೂ ಮೊದಲೇ ನಿಲ್ಲಿಸುತ್ತಾರೆ. (ಇದಕ್ಕಾಗಿಯೇ ಹೇಳುವುದು, ವಿಮಾನದ ಹಿಂದಿನ ದಿನವಾದರೂ ಅಥೆನ್ಸ್‌ನಲ್ಲಿರಿ. ಅದೇ ದಿನ ಅಥೆನ್ಸ್‌ನ ಬಂದರು ಪಿರೇಯಸ್‌ಗೆ ಇಳಿದು ವಿಮಾನ ಹತ್ತುತ್ತೇನೆ ಅನ್ನಬೇಡಿ. ದೊಡ್ಡ ಹಡಗಿಗೇ ಐದು ಗಂಟೆಯ ಮೇಲೆ ಬೇಕು.) ನಾನು ಅದೃಷ್ಟಕ್ಕೆ ಮೂರು ದಿನ ಕೈಯಲ್ಲಿಟ್ಟುಕೊಂಡಿದ್ದೆ.

ಅತ್ತು ಕರೆದು ಬೀಳ್ಕೊಟ್ಟ ನೆಂಟರು ಬಸ್ಸಿಲ್ಲ ಎಂದು ಅರ್ಧ ಗಂಟೆಯಲ್ಲಿ ವಾಪಸ್ ಬಂದರೆ ಹೇಗಿರುತ್ತದೆ ಊಹಿಸಿಕೊಳ್ಳಿ. ಕಾಫಿ ಅಂಗಡಿಯವನು ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡ. ನಾನು ಮೆಟ್ಟಿಲ ಬಳಿ ನಿಂತಿದ್ದೆ, ಮೇಲೆ ಹೋಗಲು ಧೈರ್ಯ ಇಲ್ಲ. ಅಜ್ಜಿಯೇ ಬಾಗಿಲು ತೆಗೆದರು, ಸೂಟ್‌ಕೇಸ್ ನೋಡಿದರು, ಒಳಗೆ ಹೋಗಿ ಅದೇ ತಟ್ಟೆಯಲ್ಲಿ ಬೀನ್ಸ್ ಪಲ್ಯ ಹಾಕಿಕೊಂಡು ಬಂದು ಕೈಗಿಟ್ಟರು. ಎರಡು ದಿನ ಗಾಳಿ ನಿಲ್ಲಲಿಲ್ಲ. ನನ್ನ ಪುಣ್ಯ.

ಆ ಎರಡು ದಿನದಲ್ಲಿ ಕಲಿತದ್ದನ್ನು ನಿಮಗೆ ಹೇಳುತ್ತೇನೆ. ಬಂದರಿನಲ್ಲಿ ಹೇಳೋಣ ಎಂದು ಏನನ್ನೂ ಉಳಿಸಿಕೊಳ್ಳಬೇಡಿ. ಹಡಗು ಬರುತ್ತದೆ, ಹಿಂಬಾಗಿಲು ದಡಕ್ಕೆ ಬೀಳುತ್ತದೆ, ಲಾರಿ, ಸ್ಕೂಟರ್, ಜನ ಎಲ್ಲ ಒಟ್ಟಿಗೆ ನುಗ್ಗುತ್ತಾರೆ, ಕೆಲವೇ ನಿಮಿಷದಲ್ಲಿ ಅದು ಹೊರಟೂ ಬಿಡುತ್ತದೆ. ಹಿಂದಿನ ದಿನವೇ ಒಬ್ಬೊಬ್ಬರ ಬಳಿಗೆ ಅವರ ಅಂಗಡಿಗೆ, ಮನೆಗೆ ಹೋಗಿ ಕೂತು ಒಂದು ಕಾಫಿ ಕುಡಿಯಿರಿ. ಹೇಳದೆ ಮಾತ್ರ ಹೋಗಬೇಡಿ. ಗ್ರೀಕ್ ವೀರ ಥೀಸಿಯಸ್, ತನ್ನನ್ನು ನಂಬಿ ಬಂದ ಅರಿಯಾಡ್ನೆ ಮಲಗಿದ್ದಾಗ ಅವಳನ್ನು ಬಿಟ್ಟು ಹೇಳದೆ ಹಡಗು ಹತ್ತಿದ್ದು ಇದೇ ದ್ವೀಪದಿಂದ ಎಂದು ಪುರಾಣ. ಅವನಿಗೇನೂ ಒಳ್ಳೆಯದಾಗಲಿಲ್ಲ: ಬದುಕಿ ಬಂದರೆ ಬಿಳಿ ಹಾಯಿ ಏರಿಸುತ್ತೇನೆ ಎಂದು ಅಪ್ಪನಿಗೆ ಹೇಳಿ ಹೋಗಿದ್ದವನು ಕಪ್ಪು ಹಾಯಿ ಬದಲಿಸಲು ಮರೆತ, ಮಗ ಸತ್ತನೆಂದುಕೊಂಡು ಅಪ್ಪ ಸಮುದ್ರಕ್ಕೆ ಹಾರಿದ.

'ಅದೀಯೊ' ಎಂಬ ಮಾತು ಕಿವಿಗೆ ಬಿದ್ದಿರಬಹುದು. ಅದು ಶಾಶ್ವತವಾಗಿ ಹೊರಟವರ ಮಾತಿನ ಹಾಗೆ ಕೇಳುತ್ತದೆ, ನಮ್ಮಲ್ಲಿ 'ಹೋಗ್ತೀನಿ' ಅಂದಂತೆ. ನಮ್ಮ 'ಹೋಗಿ ಬರ್ತೀನಿ'ಗೆ ಹತ್ತಿರವಾದದ್ದು 'ಕಲಿ ಅಂದಾಮೊಸಿ', ಒಳ್ಳೆಯದಾಗಿ ಮತ್ತೆ ಸಿಗೋಣ ಎಂದು. ನಿಮಗೆ ಅವರು 'ಕಲೊ ತಕ್ಸೀದಿ' ಅನ್ನುತ್ತಾರೆ, ಪ್ರಯಾಣ ಚೆನ್ನಾಗಿರಲಿ. ಸೆಪ್ಟೆಂಬರ್‌ನಲ್ಲಾದರೆ 'ಕಲೊ ಹಿಮೋನಾ' ಎಂದೂ ಸೇರಿಸುತ್ತಾರೆ: ಚಳಿಗಾಲ ಚೆನ್ನಾಗಿರಲಿ. ಬೆವರು ಒರೆಸಿಕೊಳ್ಳುತ್ತಾ ಅದನ್ನು ಕೇಳಿದಾಗ ನನಗೆ ನಗು ಬಂದಿತ್ತು. ಬೇಸಿಗೆಯ ಜನ ಹೊರಟ ಮೇಲೆ ಒಂದೊಂದೇ ಅಂಗಡಿ ಮುಚ್ಚುವುದನ್ನು ನೋಡಿದ ಮೇಲೆ ಅರ್ಥವಾಯಿತು.

ಎರಡೂ ಕೆನ್ನೆಗೆ ಮುತ್ತು ಕೊಡುತ್ತಾರೆ, ಸಂಕೋಚ ಬೇಡ. ವಯಸ್ಸಾದವರು ನಿಮ್ಮನ್ನು ಹೊಗಳಿ 'ಫ್ತು ಫ್ತು ಫ್ತು' ಎಂದು ಉಗುಳಿದಂತೆ ಮಾಡಿದರೆ ಬೇಜಾರಾಗಬೇಡಿ, ದೃಷ್ಟಿ ತಾಗದಿರಲಿ ಎಂದು. ನಮ್ಮಜ್ಜಿಯ 'ಥೂ ಥೂ' ನೆನಪಾಗಿ ನನಗೆ ಅಳು ಬಂದದ್ದು ಅಲ್ಲೇ. ಒಂದು ಎಚ್ಚರ: ಐದೂ ಬೆರಳು ಅಗಲಿಸಿ ಅಂಗೈಯನ್ನು ಎದುರಿನವರ ಮುಖದ ಕಡೆ ನೂಕಬೇಡಿ. ಅದಕ್ಕೆ ಮೂಂಡ್ಜಾ ಅನ್ನುತ್ತಾರೆ, ದೊಡ್ಡ ಬೈಗುಳ. ಎರಡೂ ಕೈಯಲ್ಲಿ ಮಾಡಿದರೆ ಇನ್ನೂ ದೊಡ್ಡದು.

ಉಡುಗೊರೆ ಚಿಕ್ಕದಿರಲಿ, ಅದರಿಂದ ಇನ್ನೊಂದು ಮಾತು ಹುಟ್ಟುವಂತಿರಲಿ. ಬ್ಯಾಗಿನಲ್ಲಿ ಉಳಿದಿದ್ದ ಎರಡು ಮೈಸೂರು ಸ್ಯಾಂಡಲ್ ಸೋಪನ್ನು ಅಜ್ಜಿಗೆ ಕೊಟ್ಟೆ, ಅವರು ಬಟ್ಟೆಯ ಬೀರುವಿನಲ್ಲಿಟ್ಟರು. ಕಾಫಿ ಅಂಗಡಿಯವನಿಗೆ ಚಿಕೋರಿ ಬೆರೆಸಿದ ನಮ್ಮ ಪುಡಿ. ಅವನು ಅದನ್ನು ಫಿಲ್ಟರಿಗೆ ಹಾಕದೆ, ತಮ್ಮ ಉದ್ದ ಹಿಡಿಯ ಪುಟ್ಟ ಬ್ರೀಕಿಯಲ್ಲಿ ಕುದಿಸಿ, ಬಾಯಿ ತುಂಬ ಗಸಿ ತುಂಬಿಕೊಂಡು, 'ನಿಮ್ಮ ದೇಶದವರು ಪಾಪ' ಅಂದ. ಅವರು ಕೊಟ್ಟದ್ದನ್ನು ಬೇಡ ಎನ್ನಬೇಡಿ. ನಿಮಗೆ ಬಹುಶಃ ಮನೆಯ ಆಲಿವ್ ಎಣ್ಣೆ ಸಿಗುತ್ತದೆ, ಹಳೆಯ ನೀರಿನ ಬಾಟಲಿಯಲ್ಲಿ. ಇಲ್ಲವೇ ಕಿತ್ರೋನ್, ನಮ್ಮ ಮಾದಳದ ಜಾತಿಯ ಮರದ ಎಲೆಯಿಂದ ಇಳಿಸುವ ಮದ್ಯ. ಹಾಲ್ಕಿ ಊರಿನಲ್ಲಿ 1896ರಿಂದ ಅದನ್ನು ತಯಾರಿಸುವ ಭಟ್ಟಿ ಇದೆ. ಹಸಿರು ಬಣ್ಣದ್ದು ಸಿಹಿ, ಹಳದಿ ಖಡಕ್. ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ.

ಮೂರನೇ ದಿನ ಗಾಳಿ ನಿಂತಿತು. ಅಜ್ಜಿ ಬಂದರಿಗೆ ಬರಲಿಲ್ಲ, ಮೊಣಕಾಲು ನೋವು. ಮೆಟ್ಟಿಲ ಮೇಲೇ ನಿಂತು ಹಡಗಿನಲ್ಲಿ ತಿನ್ನಲು ಹಲ್ವಾ ಕೊಟ್ಟರು, ಮೇಲೆ ಫಾಯಿಲ್ ಮುಚ್ಚಿ, ಅದೇ ಪಿಂಗಾಣಿ ತಟ್ಟೆಯಲ್ಲಿ. ತಟ್ಟೆ ಹೇಗೆ ವಾಪಸ್ ಕೊಡಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. 'ಮಾಯೊ' ಅಂದರು, ಮೇ ತಿಂಗಳು. ಖಾಲಿ ತರಬೇಡ ಎಂದೂ ಹೇಳಿದರಂತೆ, ಗೆಳೆಯ ಆಮೇಲೆ ಅನುವಾದಿಸಿದ.

ಹಡಗು ದಡ ಬಿಟ್ಟಾಗ ಮೇಲಿನ ಡೆಕ್‌ನಲ್ಲಿ ನಿಂತಿದ್ದೆ. ಬಂದರಿನ ಬಾಯಲ್ಲಿ ಪೋರ್ತಾರಾ, 2,500 ವರ್ಷದ ಹಿಂದೆ ಕಟ್ಟಲು ಶುರುಮಾಡಿ ಮುಗಿಸದೇ ಬಿಟ್ಟ ದೇವಸ್ಥಾನದ ಬರೀ ಬಾಗಿಲವಾಡ. ಕೆಳಗೆ ಕಾಫಿ ಅಂಗಡಿಯವನು ಏಪ್ರನ್‌ನಲ್ಲೇ ಓಡಿ ಬಂದಿದ್ದ, ಯಾವಾಗ ಬರುತ್ತೀಯಾ ಎಂದು ಕೂಗುತ್ತಿದ್ದ. ಇಂಜಿನ್ ಸದ್ದಿಗೆ ನನ್ನ ದನಿ ಅವನಿಗೆ ಕೇಳುವಂತಿರಲಿಲ್ಲ. ಮೇ, ಐದನೇ ತಿಂಗಳು, ಎಂದು ಕೈ ಮುಂದೆ ಚಾಚಿ ಐದೂ ಬೆರಳು ಅಗಲಿಸಿ ತೋರಿಸಿದೆ. ಅವನು ಒಂದು ಕ್ಷಣ ದಂಗಾಗಿ ನಿಂತ. ಆಮೇಲೆ ಬಾಯಿ ತುಂಬ ನಗುತ್ತಾ ಎರಡೂ ಕೈಯೆತ್ತಿ ಹತ್ತೂ ಬೆರಳು ಅಗಲಿಸಿ ನನ್ನ ಕಡೆ ನೂಕಿದ.